ಮಿಲಿಟರಿ ಜಿಪ್ಸಿ ಮನೆಗೆ ಬಂದ ಮೇಲೆ: ನೋಡಿಕೊಳ್ಳುವುದು ಹೇಗೆ, ಕೈಕೊಟ್ಟರೆ ಹುಡುಕುವುದು ಎಲ್ಲಿ

ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಸೇನೆಯಿಂದ ಹರಾಜಾದ ಮಾರುತಿ ಜಿಪ್ಸಿಗಳು ಕಾಣಸಿಗುತ್ತವೆ. ಕೊಂಡ ಹೊಸದರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಮಿಲಿಟರಿ ಗಾಡಿ ಅಲ್ವಾ, ಏನೂ ಆಗಲ್ಲ." ಒಂದು ಮಳೆಗಾಲ ಕಳೆಯಲಿ, ಅದರಲ್ಲಿ ಎಷ್ಟೋ ಗಾಡಿಗಳು ಗ್ಯಾರೇಜಿನ ಹಿಂದೆ ಹುಲ್ಲಿನಲ್ಲಿ ನಿಂತಿರುತ್ತವೆ.

ನನ್ನ ಸೋದರಮಾವ ಸೇನೆಯ ಎ.ಎಸ್.ಸಿ.ಯಲ್ಲಿ (ಆರ್ಮಿ ಸರ್ವಿಸ್ ಕೋರ್, ಸಾಮಾನು ಸಾಗಿಸುವ ವಿಭಾಗ) ಡ್ರೈವರ್ ಆಗಿದ್ದರು. ಬೆಂಗಳೂರಿನ ಎ.ಎಸ್.ಸಿ. ಸೆಂಟರಿನಲ್ಲೇ ಗಾಡಿ ಕಲಿತವರು. ನಾನು ಜಿಪ್ಸಿ ತಂದ ದಿನ ಅವರು ಬಾನೆಟ್ ಎತ್ತಲಿಲ್ಲ. "ಪೆರೇಡ್ ಯಾರು ಮಾಡ್ತೀರಿ?" ಅಂತ ಕೇಳಿದರು. ಸೇನೆಯಲ್ಲಿ ಗಾಡಿಯನ್ನು ದಿನಕ್ಕೆ ಮೂರು ಸಲ ನೋಡುತ್ತಾರೆ. ಹೊರಡುವ ಮುಂಚೆ ಫಸ್ಟ್ ಪೆರೇಡ್, ದಾರಿಯಲ್ಲಿ ನಿಂತಾಗ ಹಾಲ್ಟ್ ಪೆರೇಡ್, ವಾಪಸ್ ಬಂದ ಮೇಲೆ ಲಾಸ್ಟ್ ಪೆರೇಡ್. ನಾವು ಹರಾಜಿನಲ್ಲಿ ಗಾಡಿ ಮಾತ್ರ ತರುತ್ತೇವೆ, ಪೆರೇಡ್ ಅಲ್ಲೇ ಬಿಟ್ಟು ಬರುತ್ತೇವೆ. ಗಾಡಿ ಕೆಡುವುದು ಅದಕ್ಕೇ.

ಇಲ್ಲಿ ಹೇಳುವುದೆಲ್ಲ 2000ನೇ ಇಸವಿಯ ನಂತರದ 1.3 ಲೀಟರ್ ಎಂಪಿಎಫ್ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಜಿಪ್ಸಿಯನ್ನು ಇಟ್ಟುಕೊಂಡು. 1298 ಸಿಸಿ, 16 ವಾಲ್ವಿನ ಪೆಟ್ರೋಲ್ ಎಂಜಿನ್. ಕೊನೆಯಲ್ಲಿ ದೊಡ್ಡ ಲಾರಿಗಳ ಬಗ್ಗೆಯೂ ಸ್ವಲ್ಪ ಇದೆ.

ಮೊದಲು ಕಾಗದ, ಬಣ್ಣ

ಹರಾಜಿನ ಬಿಡುಗಡೆ ಪತ್ರದಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಚಾಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ ಆಡಿಸಿ ನಂಬರ್ ತೆಗೆಯಿರಿ. ಆಮೇಲೆ ದುಡ್ಡಿನ ಮಾತು. ಸೇನೆಯ ನಂಬರ್ ಪ್ಲೇಟಿನಲ್ಲಿ ಮೇಲ್ಮುಖ ಬಾಣದ ಪಕ್ಕದ ಎರಡು ಅಂಕಿ ಇಸವಿಯನ್ನು ಹೇಳುತ್ತವೆ. ಎಷ್ಟೋ ಗಾಡಿಗಳಲ್ಲಿ ಬಂಪರ್ ಮೇಲೆ ಹೊಸ ಬಣ್ಣದ ಅಡಿ ಆ ಅಂಕಿ ಇನ್ನೂ ಮಸುಕಾಗಿ ಕಾಣುತ್ತದೆ.

ಆಲಿವ್ ಗ್ರೀನ್ ಬಣ್ಣ ಎಷ್ಟೇ ಇಷ್ಟವಿದ್ದರೂ ಅದನ್ನು ಬದಲಾಯಿಸಲೇಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ.

ಮೊದಲ ವಾರ: ಐದು ಕಡೆಯ ಎಣ್ಣೆ

ಹಳೆಯ ಎಣ್ಣೆ ಯಾವಾಗ ಹಾಕಿದ್ದು ಅಂತ ನಿಮಗೆ ಗೊತ್ತಿಲ್ಲ. ಹಾಗಾಗಿ ಎಲ್ಲವನ್ನೂ ಇಳಿಸಿಬಿಡಿ. ಜಿಪ್ಸಿಯಲ್ಲಿ ಎಣ್ಣೆ ಐದು ಕಡೆ ಇರುತ್ತದೆ: ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್ (ಚಕ್ರಗಳ ನಡುವಿನ ಆಕ್ಸಲ್ ಕೂರುವ ಕವಚ). ಟ್ರಾನ್ಸ್‌ಫರ್ ಕೇಸ್ ಅಂದರೆ ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ. ಅದು ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ. ಹಿಂದೆ ಬೇರೆಯಾಗಿ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ನಡುವೆ ಒಂದು ಚಿಕ್ಕ ಶಾಫ್ಟ್. ಇದು ಗೊತ್ತಿಲ್ಲದವರು ಗೇರ್ ಬಾಕ್ಸಿನ ಎಣ್ಣೆ ಬದಲಾಯಿಸಿ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ.

1. ಗಾಡಿಯನ್ನು ನಾಲ್ಕೈದು ಕಿಲೋಮೀಟರ್ ಓಡಿಸಿ ತನ್ನಿ. ಎಣ್ಣೆ ಬೆಚ್ಚಗಾದರೆ ಪೂರ್ತಿ ಇಳಿಯುತ್ತದೆ.
2. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಕೆಳಗೆ ಹೋಗುವುದಾದರೆ ಸ್ಟ್ಯಾಂಡ್ ಬೇಕೇ ಬೇಕು. ಬರೀ ಜಾಕ್ ನಂಬಿ ತಲೆ ಕೆಳಗೆ ಇಡಬೇಡಿ.
3. ಗೇರ್ ಬಾಕ್ಸ್, ಟ್ರಾನ್ಸ್‌ಫರ್, ಎರಡು ಹೌಸಿಂಗ್ ಎಲ್ಲದರಲ್ಲೂ ಮೊದಲು ಎಣ್ಣೆ ತುಂಬುವ ಮೇಲಿನ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಕೆಳಗಿನದನ್ನು ಮೊದಲು ಬಿಚ್ಚಿ, ಮೇಲಿನದು ತುಕ್ಕು ಹಿಡಿದು ಅಲ್ಲಾಡದೇ ಇದ್ದರೆ ಎಣ್ಣೆ ಇಲ್ಲದ ಗಾಡಿ ಅಂಗಳದಲ್ಲೇ ಉಳಿಯುತ್ತದೆ.
4. ಇಳಿದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆ ಪುಡಿ ಇದ್ದರೆ ಸಾಮಾನ್ಯ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗೇರ್ ಅಥವಾ ಬೇರಿಂಗ್ ಒಡೆಯುತ್ತಿದೆ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ.
5. ಹೊಸ ಎಣ್ಣೆಯನ್ನು ಮೇಲಿನ ರಂಧ್ರದ ಅಂಚಿನಿಂದ ಹೊರಗೆ ಬರುವ ತನಕ ತುಂಬಿ. ಎಂಜಿನ್ನಿಗೆ ಮಾತ್ರ ಡಿಪ್ ಸ್ಟಿಕ್ ಅಳತೆ.
6. ಪ್ರೊಪೆಲ್ಲರ್ ಶಾಫ್ಟ್‌ಗಳ ಕ್ರಾಸ್‌ಗಳಿಗೆ (ತುದಿಯ ಕೀಲುಗಳಿಗೆ), ಜಾರುವ ಜಾಯಿಂಟ್‌ಗಳಿಗೆ ಗ್ರೀಸ್ ಹೊಡೆಯಿರಿ. ಹಳೆ ಗ್ರೀಸ್ ಹೊರಗೆ ಬಂದು ಹೊಸದು ಕಾಣುವ ತನಕ.
7. ಟೈಮಿಂಗ್ ಬೆಲ್ಟ್, ಬ್ರೇಕ್ ಆಯಿಲ್, ಕೂಲಂಟ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿ. ಬೆಲ್ಟ್ ನೋಡಲು ಚೆನ್ನಾಗಿದೆ ಅಂತ ಬಿಡಬೇಡಿ. ರಬ್ಬರಿನ ವಯಸ್ಸು ಮೇಲಿನಿಂದ ಕಾಣುವುದಿಲ್ಲ.

ಫಸ್ಟ್ ಪೆರೇಡ್: ಹತ್ತು ನಿಮಿಷ

ಮಾವ ಕಲಿಸಿದ ಮೊದಲ ಕೆಲಸ ಇದು. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಕೆಳಗೆ ಹಳೇ ರಟ್ಟು ಹಾಸಿ. ಬೆಳಿಗ್ಗೆ ಆ ರಟ್ಟು ಎಲ್ಲ ಹೇಳುತ್ತದೆ. ಕಪ್ಪು ಹನಿ ಮುಂದೆ ಬಿದ್ದಿದ್ದರೆ ಎಂಜಿನ್ ಆಯಿಲ್. ಮಂದವಾಗಿದ್ದು ಕೆಟ್ಟ ಗಂಧಕದ ವಾಸನೆ ಬಂದರೆ ಗೇರ್ ಆಯಿಲ್. ಹಸಿರು ಅಥವಾ ಕೆಂಪು ಬಣ್ಣದ ನೀರಿನಂಥದ್ದು ಕೂಲಂಟ್. ಚಕ್ರದ ಒಳಬದಿಯಲ್ಲಿ ತೆಳ್ಳಗೆ ಜಾರುವ ಹನಿ ಕಂಡರೆ ಬ್ರೇಕ್ ಆಯಿಲ್. ಆ ದಿನ ಗಾಡಿ ತೆಗೆಯಲೇಬೇಡಿ.

ಆಮೇಲೆ ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಮಟ್ಟ. ಫ್ಯಾನ್ ಬೆಲ್ಟನ್ನು ಬೆರಳಿನಿಂದ ಒತ್ತಿ. ಬ್ಯಾಟರಿ ಟರ್ಮಿನಲ್ ಅಲ್ಲಾಡಿಸಿ. ಟೈರ್ ಗಾಳಿ, ಚಕ್ರದ ನಟ್ಟು, ಲೈಟು. ಸುತ್ತ ಒಂದು ಸಲ ನಡೆದು ಪ್ಲೇಟ್ ಸೆಟ್ (ಲೀಫ್ ಸ್ಪ್ರಿಂಗ್) ನೋಡಿ. ಒಂದು ಪ್ಲೇಟ್ ಬಿರುಕು ಬಿಟ್ಟಿದ್ದರೆ ಆ ಜಾಗದಲ್ಲಿ ತುಕ್ಕಿನ ಗೆರೆ ಕಾಣುತ್ತದೆ. ಕೊನೆಗೆ ಗಾಡಿ ಚಾಲೂ ಮಾಡಿ ಬ್ರೇಕ್ ಪೆಡಲ್ ಒತ್ತಿ ಹಿಡಿಯಿರಿ. ಪೆಡಲ್ ನಿಧಾನವಾಗಿ ಕೆಳಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಹೋಗಿದೆ.

ಹಾಲ್ಟ್ ಪೆರೇಡ್: ನಾಲ್ಕು ಚಕ್ರ, ಒಂದು ಕೈ

ಟೀ ಕುಡಿಯಲು ನಿಲ್ಲಿಸಿದಾಗ ನಾಲ್ಕೂ ಹಬ್ ಹತ್ತಿರ ಅಂಗೈಯ ಹಿಂಭಾಗ ಹಿಡಿಯಿರಿ. ಮುಟ್ಟಬೇಕಿಲ್ಲ, ಕಾವು ಗೊತ್ತಾಗುತ್ತದೆ. ನಾಲ್ಕೂ ಹೆಚ್ಚುಕಮ್ಮಿ ಒಂದೇ ಥರ ಇರಬೇಕು. ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಒಣಗಿದೆ. ಘಾಟಿ ಇಳಿದ ತಕ್ಷಣ ನೋಡಬೇಡಿ, ಆಗ ಎಲ್ಲವೂ ಬಿಸಿಯೇ. ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಹ್ಯಾಂಡಲ್ ಒದರುತ್ತಿದ್ದರೆ

ಜಿಪ್ಸಿಯ ಬಗ್ಗೆ ಜಾಸ್ತಿ ಬರುವ ದೂರು ಇದೇ. 50-60 ಕಿಲೋಮೀಟರ್ ವೇಗದಲ್ಲಿ ಸಣ್ಣ ಗುಂಡಿ ಸಿಕ್ಕರೆ ಸಾಕು, ಹ್ಯಾಂಡಲ್ (ಸ್ಟೇರಿಂಗ್ ಚಕ್ರ) ಕೈಯಿಂದ ಕಿತ್ತುಹೋಗುವಂತೆ ಒದರಲು ಶುರು. ಬ್ರೇಕ್ ಹಾಕಿ ನಿಧಾನ ಮಾಡುವ ತನಕ ನಿಲ್ಲುವುದಿಲ್ಲ.

ನನ್ನ ಗಾಡಿಗೂ ಹಾಗೇ ಆಯಿತು. ಒಂದು ಗ್ಯಾರೇಜಿನಲ್ಲಿ ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿಕೊಟ್ಟರು. ನಡುಕ ನಿಂತಿತು. ಎರಡು ತಿಂಗಳಿಗೆ ವಾಪಸ್ ಬಂತು, ಮೊದಲಿಗಿಂತ ಜೋರಾಗಿ. ಡ್ಯಾಂಪರ್ ನಡುಕವನ್ನು ಮುಚ್ಚಿಡುತ್ತದೆ ಅಷ್ಟೇ, ಅದರ ಮೂಲ ಬೇರೆ ಕಡೆ ಇರುತ್ತದೆ. ಹುಡುಕುವ ಕ್ರಮ ಹೀಗಿರಲಿ, ಖರ್ಚಿಲ್ಲದ್ದು ಮೊದಲು.

1. ಮುಂದಿನ ಚಕ್ರಗಳನ್ನು ಹಿಂದಕ್ಕೆ ಹಾಕಿ, ಹಿಂದಿನವು ಮುಂದಕ್ಕೆ. ನಡುಕ ಕಡಿಮೆಯಾದರೆ ಟೈರ್, ರಿಮ್ ಅಥವಾ ಬ್ಯಾಲೆನ್ಸಿಂಗ್ ತೊಂದರೆ.
2. ಗಾಡಿ ನೆಲದ ಮೇಲೇ ಇರಲಿ. ಒಬ್ಬರು ಹ್ಯಾಂಡಲ್ಲನ್ನು ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಲಿ. ನೀವು ಕೆಳಗಿನಿಂದ ಒಂದೊಂದೇ ಬಾಲ್ ಜಾಯಿಂಟ್ ಮೇಲೆ ಬೆರಳಿಟ್ಟು ನೋಡಿ. ಸಡಿಲ ಇರುವ ಕಡೆ "ಟಕ್" ಅಂತ ಬೆರಳಿಗೇ ಗೊತ್ತಾಗುತ್ತದೆ. ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂರುವ ಬೋಲ್ಟುಗಳನ್ನೂ ನೋಡಿ.
3. ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಡಿ. ಟೈರನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಆಡುತ್ತದೆಯೇ?
4. ಆಡುತ್ತಿದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಈಗ ಆಟ ನಿಂತಿತು ಅಂದರೆ ಸಡಿಲ ಇರುವುದು ವೀಲ್ ಬೇರಿಂಗ್. ಬ್ರೇಕ್ ಹಿಡಿದರೂ ಆಡಿದರೆ ಕಿಂಗ್ ಪಿನ್ ಬೇರಿಂಗ್. ಕಾರಣ ಸರಳ. ಬ್ರೇಕ್ ಹಿಡಿದಾಗ ಹಬ್ ಮತ್ತು ನಕಲ್ (ಹ್ಯಾಂಡಲ್ ತಿರುಗಿಸಿದಾಗ ಚಕ್ರದ ಜೊತೆ ತಿರುಗುವ ಭಾಗ, ಕಿಂಗ್ ಪಿನ್ ಅದರ ಕೀಲು) ಒಂದೇ ತುಂಡಾಗುತ್ತವೆ. ಆಮೇಲೂ ಅಲ್ಲಾಡುವುದು ನಕಲ್‌ನ ಕೀಲು ಮಾತ್ರ.
5. ಪ್ಲೇಟ್ ಸೆಟ್ಟಿನ ಯು-ಬೋಲ್ಟ್, ಶ್ಯಾಕಲ್ ಬುಷ್ ಪರೀಕ್ಷಿಸಿ.
6. ಇವೆಲ್ಲ ಸರಿ ಇದ್ದ ಮೇಲೆ ಡ್ಯಾಂಪರ್.

ನನ್ನ ಗಾಡಿಯಲ್ಲಿ ನಾಲ್ಕನೇ ಹೆಜ್ಜೆಗೆ ಉತ್ತರ ಸಿಕ್ಕಿತು. ಎಡಗಡೆಯ ನಕಲ್ ಬಿಚ್ಚಿದೆವು. ದುಂಡನೆಯ ಉಕ್ಕಿನ ಬಾಲ್ ಮೇಲೆ ನುಣುಪಾದ ಹೊಳಪು ಇರಬೇಕು. ಬದಲಿಗೆ ಕಿತ್ತಳೆ ಬಣ್ಣದ ತುಕ್ಕಿನ ಚುಕ್ಕೆಗಳಿದ್ದವು. ಆ ಚುಕ್ಕೆಗಳು ಹೊರಗಿನ ನಕಲ್ ಸೀಲನ್ನು ಗರಗಸದ ಥರ ಉಜ್ಜಿ ಹರಿದಿದ್ದವು. ಅಲ್ಲಿಂದ ಕೆಸರು ನೀರು ಒಳಗೆ ಹೋಗಿತ್ತು. ಕೆಳಗಿನ ಕಿಂಗ್ ಪಿನ್ ಬೇರಿಂಗಿನ ರೋಲರ್‌ಗಳು ತಮ್ಮ ಬಟ್ಟಲಿನಲ್ಲಿ ಒಂದೊಂದು ಗೆರೆ ಕೊರೆದು ಕೂತಿದ್ದವು. ಉಗುರು ಆಡಿಸಿದರೆ ಗೆರೆ ಲೆಕ್ಕ ಹಾಕಬಹುದಿತ್ತು.

ಈ ಬೇರಿಂಗಿಗೆ ಹೊರಗಿನಿಂದ ಗ್ರೀಸ್ ಹೊಡೆಯುವ ನಿಪ್ಪಲ್ ಇಲ್ಲ. ಬಿಚ್ಚಿ ಕೈಯಿಂದಲೇ ಗ್ರೀಸ್ ತುಂಬಬೇಕು. ಆದ್ದರಿಂದ ಎಲ್ಲರೂ ಮರೆಯುತ್ತಾರೆ. ಎರಡೂ ಕಡೆ ಬೇರಿಂಗ್ ಒಟ್ಟಿಗೆ ಹಾಕಿ. ಬಾಲ್ ಮೇಲಿನ ತುಕ್ಕನ್ನು ನೀರಿನ ಉಜ್ಜುಕಾಗದದಿಂದ ತಿಕ್ಕಿ ನುಣುಪು ಮಾಡದೆ ಹೊಸ ಸೀಲ್ ಹಾಕಬೇಡಿ, ಅದೂ ಬೇಗ ಹರಿಯುತ್ತದೆ. ಕಿಂಗ್ ಪಿನ್ ಕೆಳಗಿನ ತೆಳು ಶಿಮ್‌ಗಳನ್ನು (ಅಂತರ ಹೊಂದಿಸುವ ಲೋಹದ ಹಾಳೆ) ಯಾವ ಕಡೆಯಿಂದ ತೆಗೆದಿರೋ ಅದೇ ಕಡೆ ಜೋಡಿಸಿಡಿ. ನಕಲ್ಲನ್ನು ತಿರುಗಿಸಲು ಎಷ್ಟು ಬಲ ಬೇಕು ಅನ್ನುವುದನ್ನು ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ಅಳೆಯುತ್ತಾರೆ. ಮ್ಯಾನ್ಯುಯಲ್ ನೋಡಿ ಅಳೆದು ಶಿಮ್ ಹಾಕುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ.

ಇನ್ನೊಂದು ಗುರುತು. ಮುಂದಿನ ಚಕ್ರದ ಒಳಬದಿಯಲ್ಲಿ ಎಣ್ಣೆ, ಗ್ರೀಸ್ ಬೆರೆತ ಕಪ್ಪು ಗಂಜಿಯಂಥದ್ದು ಸೋರುತ್ತಿದ್ದರೆ ಹೋಗಿರುವುದು ಹೊರಗಿನ ಸೀಲ್ ಒಂದೇ ಅಲ್ಲ. ಹೌಸಿಂಗ್ ಒಳಗಿನ ಆಕ್ಸಲ್ ಸೀಲ್ ಹೋಗಿದೆ. ಹೌಸಿಂಗಿನ ಎಣ್ಣೆ ನಕಲ್‌ಗೆ ಬಂದು ಗ್ರೀಸನ್ನು ಕರಗಿಸುತ್ತಿದೆ.

ಫೋರ್ ವೀಲ್ ಮತ್ತು ಹಳ್ಳದ ನೀರು

ಒಣ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಬೇಡಿ. ಜಿಪ್ಸಿಯಲ್ಲಿ ಮುಂದಿನ, ಹಿಂದಿನ ಶಾಫ್ಟ್‌ಗಳ ನಡುವೆ ಡಿಫರೆನ್ಷಿಯಲ್ (ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಟಾರಿನ ಮೇಲೆ ಜಾರಲು ಜಾಗವಿಲ್ಲ, ಬಿಗಿತವೆಲ್ಲ ಕ್ರಾಸ್ ಮತ್ತು ಗೇರುಗಳ ಮೇಲೆ ಬೀಳುತ್ತದೆ. ಲಿವರ್ ಸಿಕ್ಕಿಕೊಂಡು ಟೂ ವೀಲಿಗೆ ಬರದಿದ್ದರೆ ಎಳೆದಾಡಬೇಡಿ. ನೇರವಾಗಿ ಸ್ವಲ್ಪ ರಿವರ್ಸ್ ಹೋಗಿ, ಬಿಗಿತ ಬಿಟ್ಟುಕೊಂಡು ಲಿವರ್ ತಾನೇ ಬರುತ್ತದೆ. ಲೋ ಗೇರನ್ನು ನಿಂತ ಮೇಲೇ ಹಾಕಿ.

ಫೋರ್ ವೀಲನ್ನು ಬಳಸದೇ ಇಡುವುದೂ ತಪ್ಪು. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ಓಡಿಸಿ. ಒಳಗೆ ಎಣ್ಣೆ ಓಡಾಡಬೇಕು.

ಹಳ್ಳ ದಾಟುವವರು ಬ್ರೀದರ್ ಬಗ್ಗೆ ತಿಳಿದಿರಲೇಬೇಕು. ಹೌಸಿಂಗ್ ಮೇಲೆ ಒಂದು ಸಣ್ಣ ಉಸಿರಾಟದ ರಂಧ್ರ ಇರುತ್ತದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆಯುತ್ತದೆ. ಬ್ರೀದರ್ ತೆರೆದಿದ್ದು ನೀರಿಗಿಂತ ಮೇಲಿದ್ದರೆ ಗಾಳಿ ಬರುತ್ತದೆ. ಮುಚ್ಚಿಕೊಂಡಿದ್ದರೆ ಸೀಲ್ ಮೂಲಕ ನೀರು ಬರುತ್ತದೆ. ನಮ್ಮ ಕಡೆ ಅದನ್ನು ಮುಚ್ಚುವುದು ಕೆಸರು, ಇಲ್ಲವೇ ಮಣ್ಣಿನ ಗೂಡು ಕಟ್ಟುವ ಕಣಜ. ನಾನು ಬ್ರೀದರಿಗೆ ರಬ್ಬರ್ ಟ್ಯೂಬ್ ಸಿಕ್ಕಿಸಿ ಬಾನೆಟ್ ಎತ್ತರಕ್ಕೆ ತಂದಿದ್ದೇನೆ. ನೂರಿನ್ನೂರು ರೂಪಾಯಿ ಕೆಲಸ. ನೀರು ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ನಾಲ್ಕೈದು ಸಲ ಒತ್ತಿ ಒಣಗಿಸಿಕೊಳ್ಳಿ.

ಸೆಲ್ಫ್ ಹೊಡೆದರೆ ಏಳುತ್ತಿಲ್ಲ

ಸೆಲ್ಫ್ ತಿರುಗುತ್ತಿಲ್ಲವೇ, ತಿರುಗಿದರೂ ಎಂಜಿನ್ ಏಳುತ್ತಿಲ್ಲವೇ? ಮೊದಲು ಇದನ್ನು ತೀರ್ಮಾನಿಸಿ, ಎರಡರ ದಾರಿ ಬೇರೆ.

ತಿರುಗದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಬ್ಯಾಟರಿ ಚೆನ್ನಾಗಿದ್ದೂ ಬರೀ "ಟಿಕ್" ಅಂದರೆ ಟರ್ಮಿನಲ್ ಮತ್ತು ಅರ್ತ್ ಪಟ್ಟಿ ನೋಡಿ. ಎಂಜಿನ್‌ನಿಂದ ಚಾಸಿಗೆ ಹೋಗುವ ಆ ಪಟ್ಟಿ ತುಕ್ಕು ಹಿಡಿದಿರುವುದೇ ಎಷ್ಟೋ ಸಲ ಕಾರಣ. ಬಿಚ್ಚಿ, ಎರಡೂ ಕಡೆ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಬರಬೇಕು. ಬರದಿದ್ದರೆ ಆಲ್ಟರ್ನೇಟರ್ ಅಥವಾ ಬೆಲ್ಟ್.

ಸೆಲ್ಫ್ ತಿರುಗಿದರೂ ಏಳದಿದ್ದರೆ ಕಿವಿ ಕೊಡಿ. ಕೀ ಆನ್ ಮಾಡಿದ ಕೂಡಲೇ ಟ್ಯಾಂಕ್ ಕಡೆಯಿಂದ ಎರಡು ಸೆಕೆಂಡ್ ಪಂಪಿನ "ಗುಂಯ್" ಕೇಳಬೇಕು. ಕೇಳಿಸದಿದ್ದರೆ ಫ್ಯೂಸ್, ರಿಲೇ, ಪಂಪ್, ಇದೇ ಕ್ರಮದಲ್ಲಿ ನೋಡಿ. ಕೇಳಿಸಿದರೆ ಪ್ಲಗ್ ಬಿಚ್ಚಿ ಕಿಡಿ ನೋಡಿ. ಡಿಪೋದಲ್ಲಿ ಬಹಳ ದಿನ ನಿಂತಿದ್ದ ಗಾಡಿಯಾದರೆ ಟ್ಯಾಂಕಿನ ಹಳೇ ಪೆಟ್ರೋಲ್, ತುಕ್ಕಿನ ಪುಡಿ ಎರಡನ್ನೂ ಹೊರಗೆ ತೆಗೆದು ಆಮೇಲೆ ಉಳಿದ ಮಾತು.

ವೈರಿಂಗ್ ಬಗ್ಗೆ ಇನ್ನೊಂದಿದೆ. ಸೇನೆಯ ಗಾಡಿಯಲ್ಲಿ ಕತ್ತಲಲ್ಲಿ ಸಾಲಾಗಿ ಹೋಗಲು ಕಾನ್ವಾಯ್ ಲೈಟ್ ಇರುತ್ತದೆ. ಹಿಂದಿನ ಹೌಸಿಂಗಿನ ಗುಂಡಗಿನ ಭಾಗಕ್ಕೆ ಬಿಳಿ ಬಣ್ಣ ಬಳಿದು ಅದರ ಮೇಲೆ ಸಣ್ಣ ಬೆಳಕು ಬೀಳುವಂತೆ ಮಾಡಿರುತ್ತಾರೆ. ಹಿಂದಿನ ಡ್ರೈವರ್ ಆ ಬಿಳಿ ಚುಕ್ಕೆ ನೋಡಿಕೊಂಡು ಬರುತ್ತಾನೆ. ಇದಕ್ಕೆ ಬೇರೆ ಸ್ವಿಚ್ಚು, ಬೇರೆ ವೈರು. ಗಾಡಿ ಮಾರಾಟವಾದ ಮೇಲೆ ಯಾರೋ ಸ್ವಿಚ್ ಕಿತ್ತು ವೈರಿನ ತುದಿ ಹಾಗೇ ಬಿಟ್ಟಿರುತ್ತಾರೆ. ಆ ತುದಿ ಚಾಸಿಗೆ ತಾಗಿದಾಗಲೆಲ್ಲ ಫ್ಯೂಸ್ ಹೋಗುತ್ತದೆ. ಕಾರಣವಿಲ್ಲದೆ ಫ್ಯೂಸ್ ಹಾರುತ್ತಿದ್ದರೆ ಮೊದಲು ಡ್ಯಾಶ್ ಬೋರ್ಡಿನ ಕೆಳಗೆ, ಹಿಂದಿನ ಬಂಪರ್ ಒಳಗೆ ಇಂಥ ಅನಾಥ ವೈರು ಹುಡುಕಿ, ತುದಿಗೆ ಟೇಪ್ ಸುತ್ತಿ. ದೊಡ್ಡ ಫ್ಯೂಸ್ ಹಾಕುವ ಉಪಾಯ ಮಾತ್ರ ಬೇಡ, ಗಾಡಿ ಹೊತ್ತಿಕೊಳ್ಳುತ್ತದೆ.

ಬಿಸಿ ಏರಿದರೆ

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಆರಿದ ಮೇಲೆ ಕೂಲಂಟ್ ಮಟ್ಟ, ಹೋಸ್, ಬೆಲ್ಟ್ ನೋಡಿ. ರೇಡಿಯೇಟರ್ ಎಲೆಗಳ ನಡುವೆ ಕೆಸರು ಒಣಗಿದ್ದರೆ ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಕೆಲವರು ಥರ್ಮೋಸ್ಟಾಟ್ ಕಿತ್ತು ಎಸೆಯುತ್ತಾರೆ. ಹಾಗೆ ಮಾಡಿದರೆ ಎಂಜಿನ್ ಸರಿಯಾದ ಬಿಸಿಗೇ ಬರುವುದಿಲ್ಲ, ತಣ್ಣಗಿದೆ ಅಂತ ತಿಳಿದು ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ.

ದೊಡ್ಡ ಲಾರಿ ಇದ್ದವರಿಗೆ

ಅಶೋಕ್ ಲೇಲ್ಯಾಂಡ್ ಸ್ಟಾಲಿಯನ್ ಥರದ ಸೇನೆಯ ಲಾರಿಗಳಲ್ಲಿ 24 ವೋಲ್ಟ್, ಅಂದರೆ ಎರಡು 12 ವೋಲ್ಟ್ ಬ್ಯಾಟರಿ ಸಾಲಾಗಿ. ರೇಡಿಯೋ, ಫ್ಯಾನ್ ಅಂತ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯಬೇಡಿ. ಆ ಬ್ಯಾಟರಿ ಸದಾ ಹಸಿದಿರುತ್ತದೆ, ಪಕ್ಕದ್ದು ಅತಿಯಾಗಿ ಚಾರ್ಜ್ ಆಗುತ್ತದೆ, ಎರಡೂ ಬೇಗ ಸಾಯುತ್ತವೆ. 24ರಿಂದ 12 ಮಾಡುವ ಕನ್ವರ್ಟರ್ ಹಾಕಿ. ಬದಲಾಯಿಸುವಾಗ ಎರಡನ್ನೂ ಒಟ್ಟಿಗೆ ಬದಲಾಯಿಸಿ.

ಏರ್ ಬ್ರೇಕ್ ಟ್ಯಾಂಕಿನ ನೀರನ್ನು ದಿನವೂ ಬಿಡಿ. ನೀರಿನ ಜೊತೆ ಎಣ್ಣೆ ಜಾಸ್ತಿ ಬಂದರೆ ಕಂಪ್ರೆಸರ್ ಸವೆದಿದೆ. ಟ್ಯಾಂಕ್ ತುಂಬಿಸಿ, ಎಂಜಿನ್ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು ಗೇಜ್ ನೋಡಿ. ಮುಳ್ಳು ಇಳಿಯುತ್ತಾ ಹೋದರೆ ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದ ಕಡೆ ಸೋರಿಕೆ. ಸ್ಪ್ರಿಂಗ್ ಬ್ರೇಕಿನ ಚೇಂಬರ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಒಳಗಿನ ಸ್ಪ್ರಿಂಗ್ ಜೀವ ತೆಗೆಯುವಷ್ಟು ಬಿಗಿಯಾಗಿರುತ್ತದೆ. ಹಳೇ ಬ್ರೇಕ್ ಲೈನರಿನ ಧೂಳನ್ನು ಗಾಳಿ ಹೊಡೆದು ಎಬ್ಬಿಸಬೇಡಿ, ಅದರಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಡೀಸೆಲ್ ಖಾಲಿಯಾಗಿ ನಿಂತರೆ ಲೈನಿನಲ್ಲಿ ಏರ್ ಹಿಡಿದಿರುತ್ತದೆ. ಡೀಸೆಲ್ ತುಂಬಿಸಿ, ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈ ಪಂಪ್ ಒತ್ತಿ. ನೊರೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ.

ಎಲ್ಲಕ್ಕಿಂತ ಮುಖ್ಯ, ರಿಮ್. ಹಳೇ ಮಿಲಿಟರಿ ಲಾರಿಗಳಲ್ಲಿ ಕೆಲವಕ್ಕೆ ಎರಡು ಹೋಳಿನ ರಿಮ್ ಇರುತ್ತದೆ. ಅದರಲ್ಲಿ ನಟ್ಟಿನ ಸಾಲು ಎರಡು. ಒಂದು ಚಕ್ರವನ್ನು ಹಬ್‌ಗೆ ಹಿಡಿಯುವುದು, ಇನ್ನೊಂದು ರಿಮ್ಮಿನ ಹೋಳುಗಳನ್ನು ಕೂಡಿಸುವುದು. ಗಾಳಿ ಇರುವಾಗ ಎರಡನೆಯದನ್ನು ಬಿಚ್ಚಿದರೆ ರಿಮ್ ಸಿಡಿದು ಎದುರಿಗಿದ್ದವರು ಬದುಕುವುದಿಲ್ಲ. ವಾಲ್ವ್ ಪಿನ್ನೇ ತೆಗೆದು, ಗಾಳಿ ಪೂರ್ತಿ ಹೋಗಿದೆ ಅಂತ ಖಾತ್ರಿ ಮಾಡಿಕೊಂಡು ಮುಟ್ಟಿ.

ಲಾಸ್ಟ್ ಪೆರೇಡ್ ಮತ್ತು ಡೈರಿ

ಸಂಜೆ ಬಂದ ಕೂಡಲೇ ಕೆಸರು ತೊಳೆಯಿರಿ. ಹಿಂದಿನ ಚಕ್ರದ ಮೇಲಿನ ಕಮಾನು, ಕಾಲಡಿಯ ಮ್ಯಾಟ್ ಕೆಳಗೆ, ಚಾಸಿಗೆ ಬಾಡಿ ಕೂರುವ ಜಾಗ, ವಿಂಡ್‌ಶೀಲ್ಡ್ ಚೌಕಟ್ಟಿನ ಬುಡ, ಜಿಪ್ಸಿಗೆ ತುಕ್ಕು ಶುರುವಾಗುವುದು ಇಲ್ಲೇ. ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧ ಖಾಲಿ ಬಿಡಬೇಡಿ. ಖಾಲಿ ಜಾಗದ ಗಾಳಿಯಲ್ಲಿನ ತೇವ ರಾತ್ರಿ ನೀರಾಗಿ ಪೆಟ್ರೋಲಿಗೆ ಇಳಿಯುತ್ತದೆ.

ಸೇನೆಯಲ್ಲಿ ಪ್ರತಿ ಗಾಡಿಗೂ ಕಾರ್ ಡೈರಿ ಇರುತ್ತದೆ. ನಾನು ನೂರು ಪುಟದ ನೋಟ್ ಬುಕ್ ಇಟ್ಟಿದ್ದೇನೆ. ದಿನಾಂಕ, ಕಿಲೋಮೀಟರ್, ಹಾಕಿದ ಎಣ್ಣೆ, ಕೇಳಿಸಿದ ಹೊಸ ಶಬ್ದ. ಕಳೆದ ಮಳೆಗಾಲದಲ್ಲಿ ಹಿಂದಿನ ಎಡ ಹಬ್ ಬಿಸಿ ಅಂತ ಹದಿನೈದು ದಿನದಲ್ಲಿ ಮೂರು ಸಲ ಬರೆದಿದ್ದೆ. ಬರೆಯದಿದ್ದರೆ ಮೂರನೆಯ ಸಲವೂ ಘಾಟಿಯ ಬಿಸಿ ಅಂತ ಬಿಟ್ಟುಬಿಡುತ್ತಿದ್ದೆ. ಡ್ರಮ್ ತೆಗೆದಾಗ ವೀಲ್ ಸಿಲಿಂಡರ್ ಸಿಕ್ಕಿಕೊಂಡು, ಒಂದು ಶೂ ಕಬ್ಬಿಣದ ತನಕ ಸವೆದಿತ್ತು.